ಹೊಗೆ ಬಿಟ್ಟರೆ ಭಯ ಬರಲ್ಲ

ಮಾನ್ಯ ಸಂಪಾದಕರೇ,

ಟೀವಿಯ ಹಾರರ್ ಧಾರಾವಾಹಿಗಳಲ್ಲಿ ನಾಯಕಿಯ ನೆನಪು ಕೈಕೊಟ್ಟರೆ ಸಾಕು, ಪರದೆ ಮಸುಕು, ಸುಮ್ನೆ ಹೊಗೆ. ನಿಜದಲ್ಲಿ ನೆನಪು ಸ್ಪಷ್ಟವಾಗಿದ್ದುಕೊಂಡೇ ಸುಳ್ಳು ಹೇಳುತ್ತದೆ. 1974ರಲ್ಲಿ ಮನೋವಿಜ್ಞಾನ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್, ಜಾನ್ ಪಾಮರ್ ಕಾರು ಅಪಘಾತದ ದೃಶ್ಯ ತೋರಿಸಿ ವೇಗ ಕೇಳಿದ್ದರು. ‘ಗುದ್ದಿದಾಗ’ ಅನ್ನುವ ಬದಲು ‘ಅಪ್ಪಳಿಸಿದಾಗ’ ಎಂಬ ಪ್ರಶ್ನೆ ಎದುರಿಸಿದವರ ಗುಂಪಿನಲ್ಲಿ ಜಾಸ್ತಿ ಜನ, ವಾರ ಕಳೆದ ಮೇಲೆ, ಒಡೆದ ಗಾಜು ಕಂಡೆವು ಎಂದರು. ಗಾಜು ಒಡೆದೇ ಇರಲಿಲ್ಲ!

ಚಿಕ್ಕಂದಿನ ಒಂದು ಮಳೆಗಾಲ. ಕರೆಂಟಿಲ್ಲ. ಜಗಲಿಯಲ್ಲಿ ಕಂಬಳಿಕೊಪ್ಪೆ ಹಾಕಿದವರೊಬ್ಬರು ನಿಂತಿದ್ದನ್ನು ನಾನೂ ತಮ್ಮನೂ ನೋಡಿದೆವು. ಅವನಿಗೆ ಅದು ತೀರಿಹೋದ ಅಜ್ಜ, ನನಗೆ ಅಡಿಕೆ ಕೊನೆ ಇಳಿಸುವ ಕೊನೆಗಾರ. ಗೂಟಕ್ಕೆ ನೇತುಹಾಕಿದ್ದ ಬರೀ ಕಂಬಳಿ ಅನ್ನುತ್ತಾರೆ ಅಮ್ಮ. ಮೂವರೂ ಆಣೆ ಮಾಡುತ್ತೇವೆ. ನಿರ್ದೇಶಕರು ಇಂಥದ್ದನ್ನು ಹಾಡಹಗಲ ಬೆಳಕಲ್ಲೇ ತೋರಿಸಬಹುದು, ಅಲ್ವಾ?

– ಒಬ್ಬ ಓದುಗ, ತೀರ್ಥಹಳ್ಳಿ