ಆ ಅಟೆಂಡರ್ ಅಣ್ಣನಿಗೆ ಥ್ಯಾಂಕ್ಸ್

ಮಗನಿಗೆ 15 ವರ್ಷ, ಆಟಿಸಂ ಇದೆ. ಮೊನ್ನೆ, ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ನ ಅಸೆಸ್‌ಮೆಂಟ್‌ಗೆ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆವು. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದುಕೊಟ್ಟರೆ ತಾನೇ ಹೆಚ್ಚಿನ ಸೌಲಭ್ಯ ಸಿಗೋದು.

ಗದ್ದಲ ತಡೆಯಲಾಗದೆ ಅವನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು, ಸುಮ್ನೆ ಮನೆಗೆ ಹೋಗಿಬಿಡೋಣ ಅನ್ನಿಸಿತು.

ಆಗ ಅಟೆಂಡರ್ ಒಬ್ಬರು ಬಂದರು. ಅವನನ್ನು ಮುಟ್ಟಲಿಲ್ಲ, ಏಳು ಅನ್ನಲಿಲ್ಲ, ಸ್ವಲ್ಪ ದೂರದಲ್ಲಿ ತಾವೂ ನೆಲದ ಮೇಲೆ ಕೂತರು. ಆಮೇಲೆ ಮೆಲ್ಲಗೆ, 'ಮೆಟ್ಟಿಲ ಹತ್ರ ಯಾರೂ ಇಲ್ಲ, ಅಲ್ಲಿ ಕೂತಿರಿ ಅಮ್ಮ, ನಂಬರ್ ಬಂದಾಗ ನಾನೇ ಕರೀತೀನಿ' ಅಂದರು. ಕರೆದರು ಕೂಡ. ಒಳಗೆ ಕಿರುಗುಟ್ಟುತ್ತಿದ್ದ ಫ್ಯಾನನ್ನೂ ಕೇಳದೆಯೇ ಆರಿಸಿದರು. ಮಗ ಕೊನೆಯವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಹೊರಗೆ ಬಂದು ನಾನು ಅತ್ತುಬಿಟ್ಟೆ.

ಹೆಸರು ಕೇಳಲು ಮರೆತೆ. ಅಣ್ಣಾ, ತುಂಬಾ ಥ್ಯಾಂಕ್ಸ್.