ಟಿಕೆಟ್ ದರ ಇಳಿಸಹೊರಟಿದ್ದು ಸರಿ, ಪರದೆ ಎಲ್ಲಿ?

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಹೊಣೆ ಹೊತ್ತ ಮಾನ್ಯ ಸಚಿವರಿಗೆ,

ನಮಸ್ಕಾರ. ತಾವೇ ಬರೆದು, ತಾವೇ ನಟಿಸಿ, ತಾವೇ ನಿರ್ದೇಶಿಸುವ ಸ್ವತಂತ್ರ ಸಿನಿಮಾದವರ ಬಗ್ಗೆ ಈ ಪತ್ರ. ಅವರೇ ಬರೆಯಬಹುದಿತ್ತು. ಆದರೆ ನಾಳೆ ಸಬ್ಸಿಡಿ ಅರ್ಜಿ ಹಿಡಿದು ನಿಮ್ಮ ಇಲಾಖೆಗೇ ಬರಬೇಕಾದವರು, ಬಾಯಿ ಬಿಡಲು ಹಿಂಜರಿಯುತ್ತಾರೆ. ನಾನು ಬರೀ ಪ್ರೇಕ್ಷಕ, ನನಗೆ ಆ ಹಂಗಿಲ್ಲ.

ಇವರು ಮುಖ್ಯ ಪಾತ್ರ ಮಾಡುವುದು ಹೀರೊ ಆಗುವ ಚಪಲಕ್ಕೆ ಎಂದು ಗಾಂಧಿನಗರದಲ್ಲಿ ನಗುವವರಿದ್ದಾರೆ. ಎಷ್ಟೋ ಸಲ ಕಾರಣ ಇಷ್ಟೇ: ಬೇರೆ ನಟನಿಗೆ ಸಂಭಾವನೆ ಕೊಡಲು ದುಡ್ಡಿರುವುದಿಲ್ಲ. ಹವ್ಯಾಸಿ ನಾಟಕ, ಧಾರಾವಾಹಿಯಲ್ಲೊಂದು ಸಣ್ಣ ಪಾತ್ರ, ನಡುವೆ ಡಬ್ಬಿಂಗ್. ಹೀಗೆ ಹತ್ತು ವರ್ಷ ಕೂಡಿಟ್ಟಿದ್ದು ಒಂದು ಶೆಡ್ಯೂಲಿನಲ್ಲಿ ಕರಗುತ್ತದೆ.

ಈ ಮಾತು ಬಂದಾಗಲೆಲ್ಲ ಶಂಕರ್ ನಾಗ್ ಹೆಸರು ಹೇಳುವುದು ನಮಗೆ ರೂಢಿ. ಸರಿಯೇ. 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ಯಿಂದ ಬಂದವರು 1990ರಲ್ಲಿ ಅಪಘಾತದಲ್ಲಿ ತೀರಿಕೊಳ್ಳುವಷ್ಟರಲ್ಲಿ ‘ಮಿಂಚಿನ ಓಟ’ ಮಾಡಿದರು, ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಆಗುಂಬೆಯಲ್ಲಿ ಮಾಲ್ಗುಡಿ ಕಟ್ಟಿದರು. 1985ರ ‘ಆಕ್ಸಿಡೆಂಟ್’ನಲ್ಲಿ ಹಾಡೇ ಇಲ್ಲ, ಪತ್ರಕರ್ತನ ಪಾತ್ರವನ್ನೂ ತಾವೇ ಮಾಡಿ ರಾಷ್ಟ್ರಪ್ರಶಸ್ತಿ ತಂದರು. ಆದರೆ ಅವರ ಬೆನ್ನಿಗೆ ಸ್ಟಾರ್ ಎಂಬ ಮಾರುಕಟ್ಟೆ ಇತ್ತು, ಮುಖ ನೋಡಿ ಚಿತ್ರಮಂದಿರ ಕೊಡುವವರಿದ್ದರು. ಇವತ್ತಿನ ಹುಡುಗ, ಹುಡುಗಿಯರಿಗೆ ಎರಡೂ ಇಲ್ಲ.

ಬಿಡುಗಡೆಯ ಶುಕ್ರವಾರ ಒಮ್ಮೆ ಮಲ್ಟಿಪ್ಲೆಕ್ಸಿಗೆ ಹೋಗಿ ನೋಡಿ ಸರ್. ಬೆಳಿಗ್ಗೆ ಹತ್ತರ ಒಂದೇ ಆಟ. ಬುಕಿಂಗ್ ಪರದೆಯಲ್ಲಿ ಮೂರು ಸೀಟು ಭರ್ತಿ. ಜನ ಕಡಿಮೆ ಎಂದು ಆಟ ರದ್ದಾದೀತೆಂಬ ಭಯಕ್ಕೆ ನಿರ್ದೇಶಕನೇ ಮೊಬೈಲಿನಲ್ಲಿ ಇನ್ನಷ್ಟು ಟಿಕೆಟ್ ಖರೀದಿಸುತ್ತಾನೆ. ಒಳಗೆ ಪರದೆ ಮೇಲೆ ಅವನೇ ಅಳುತ್ತಿರುತ್ತಾನೆ, ಹೊರಗೆ ಲಾಬಿಯಲ್ಲಿ ಅವನೇ ನಿಂತು, ಬರುವವರ ಮುಖ ನೋಡುತ್ತ, ‘ಸರ್, ನಮ್ದೇ ಸಿನಿಮಾ’ ಅನ್ನುತ್ತಿರುತ್ತಾನೆ. ಡಿಜಿಟಲ್ ಪ್ರೊಜೆಕ್ಷನ್ನಿನ ಶುಲ್ಕ ಮೊದಲೇ ಕಟ್ಟಿಯಾಗಿದೆ. ಸೋಮವಾರಕ್ಕೆ ಪೋಸ್ಟರ್ ಇಳಿಯುತ್ತದೆ. ಚಿತ್ರ ಚೆನ್ನಾಗಿದೆ ಎಂಬ ಸುದ್ದಿ ನಮಗೆ ಮುಟ್ಟುವುದು ಬುಧವಾರ!

ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಲು 2025ರಲ್ಲಿ ಸರ್ಕಾರ ಹೊರಟಿತು, ಹೈಕೋರ್ಟ್ ತಡೆ ನೀಡಿತು. ಉದ್ದೇಶ ಒಳ್ಳೆಯದೇ. ಆದರೆ ಆಟವೇ ಇಲ್ಲದ ಚಿತ್ರಕ್ಕೆ ದರ ಎಷ್ಟಾದರೇನು? ಪ್ರಶಸ್ತಿಗಳದ್ದೂ ಅದೇ ಕತೆ. 2019ರ ರಾಜ್ಯ ಪ್ರಶಸ್ತಿಗಳು ಪ್ರಕಟವಾಗಿದ್ದು 2025ರ ಜನವರಿಯಲ್ಲಿ. ದೊಡ್ಡ ನಟರಿಗೆ ಅದರಿಂದ ನಷ್ಟವಿಲ್ಲ. ಮೊದಲ ಚಿತ್ರ ಮಾಡಿ ಕೈ ಸುಟ್ಟುಕೊಂಡವರಿಗೆ ಆ ಹಣ ಎರಡನೇ ಚಿತ್ರದ ಮುಂಗಡವಾಗುತ್ತಿತ್ತು. ಐದಾರು ವರ್ಷ ಕಾಯುವಷ್ಟರಲ್ಲಿ ಬಹಳ ಮಂದಿ ಜಾಹೀರಾತು ಕೆಲಸಕ್ಕೋ ಊರಿಗೋ ಹೊರಟುಹೋಗಿರುತ್ತಾರೆ.

ಪಕ್ಕದ ಕೇರಳ ನೋಡಿ. ಅಲ್ಲಿನ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ ತಿರುವನಂತಪುರದಲ್ಲೇ ಕೈರಳಿ, ಶ್ರೀ, ನಿಳಾ ಎಂಬ ಸ್ವಂತ ಚಿತ್ರಮಂದಿರಗಳಿವೆ. 2024ರಲ್ಲಿ ಸ್ವಂತ ಒಟಿಟಿಯನ್ನೂ ಶುರುಮಾಡಿದರು. ನಮ್ಮ ಬಜೆಟ್ಟಿನಲ್ಲೂ ಒಟಿಟಿಯ ಮಾತು ಬಂದಿತ್ತು. ಅದು ಆಗುವಾಗ ಆಗಲಿ, ಅಷ್ಟರವರೆಗೆ ಕೈಯಲ್ಲಿರುವುದನ್ನು ಬಳಸಿ. ಜಿಲ್ಲಾ ರಂಗಮಂದಿರಗಳು ಸರ್ಕಾರದವೇ. ವರ್ಷದ ಎಷ್ಟೋ ಸಂಜೆ ಬೀಗ ಹಾಕಿರುತ್ತವೆ. ಒಳ್ಳೆಯ ಪ್ರೊಜೆಕ್ಟರ್, ಸರಿಯಾದ ಧ್ವನಿ ವ್ಯವಸ್ಥೆ ಕೂರಿಸಿ, ವಾರಕ್ಕೊಂದು ಸಂಜೆ ಸ್ವತಂತ್ರ ಕನ್ನಡ ಚಿತ್ರಕ್ಕೆ ಬಿಡಿ. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕ್ಯೂ ನಿಲ್ಲುವ ಜನ ಶಿವಮೊಗ್ಗ, ಧಾರವಾಡ, ಕಲಬುರಗಿಯಲ್ಲೂ ಇದ್ದಾರೆ. ಟಿಕೆಟ್ ಇಡಿ, ಪುಕ್ಕಟೆ ಬೇಡ. ಬಂದ ದುಡ್ಡಿನ ಲೆಕ್ಕ ತಿಂಗಳೊಳಗೆ ಚಿತ್ರ ಮಾಡಿದವರ ಕೈಸೇರಲಿ. ಉದ್ಘಾಟನೆಗೆ ಭಾಷಣ ಮಾತ್ರ ಚಿಕ್ಕದಿರಲಿ, ಸಿನಿಮಾ ನೋಡಿ ಕೊನೇ ಬಸ್ಸು ಹಿಡಿಯಬೇಕಾದವರಿರುತ್ತಾರೆ.

ಮೊದಲು ಒಂದೇ ಜಿಲ್ಲೆಯಲ್ಲಿ ಶುರುಮಾಡಿದರೂ ಆದೀತು. ಯಾವ ಜಿಲ್ಲೆ, ಯಾವಾಗ ಎಂಬುದನ್ನು ತಿಳಿಸಿ.

ಇಂತಿ,
ಕನ್ನಡ ಚಿತ್ರಗಳ ಒಬ್ಬ ಪ್ರೇಕ್ಷಕ