ಚಿತ್ರಮಂದಿರದ ದೋಷ ಚಿತ್ರದ ತಲೆಗೆ ಬೇಡ

ಮಾನ್ಯರೇ,

ಶುಕ್ರವಾರ ಮೊದಲ ಆಟ ಮುಗಿಯುವ ಮೊದಲೇ ಅಭಿಮಾನಿಗಳ ವಿಮರ್ಶೆ ಮೊಬೈಲಿಗೆ ಬಂದಿರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಪ್ರತಿ ಸಾಲಿಗೂ ‘ಮಾರಾಯ’ ಅಂಟಿಸಿದರೆ ಮಂಗಳೂರು ಕನ್ನಡವಾಗದು ಎಂಬುದು ಇಲ್ಲಿನ ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ. ದೂರದ ವೃತ್ತಿಪರ ವಿಮರ್ಶಕರಿಗೆ ಅದು ಹೊಳೆಯುವುದೇ ಇಲ್ಲ.

ಆದರೆ ‘ಛಾಯಾಗ್ರಹಣ ಕತ್ತಲೆ, ಮಾತು ಕೇಳಿಸದು’ ಎಂದು ಬರೆಯುವ ಮುನ್ನ ಅಭಿಮಾನಿಗಳು ತುಸು ತಡೆಯಬೇಕು. 2ಡಿ ಚಿತ್ರಕ್ಕೆ ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕು ಇರಬೇಕೆಂಬುದು ಚಿತ್ರೋದ್ಯಮದ ಮಾನದಂಡ. ಪ್ರೊಜೆಕ್ಟರಿನ ಝೆನಾನ್ ದೀಪ ಹಳತಾದರೆ ಈ ಬೆಳಕು ಕುಸಿದು, ರಾತ್ರಿಯ ದೃಶ್ಯ ಬರೀ ಕಪ್ಪು ಮುದ್ದೆಯಾಗುತ್ತದೆ. ಸಂಭಾಷಣೆ ಹೆಚ್ಚಾಗಿ ಬರುವುದು ಪರದೆಯ ಹಿಂದಿನ ನಡು ಸ್ಪೀಕರಿನಿಂದ. ಅದು ಕೆಟ್ಟರೆ ಸಂಗೀತ ಅಬ್ಬರಿಸಿ ಮಾತು ಮುಳುಗುತ್ತದೆ. ಟ್ರೇಲರ್, ಜಾಹೀರಾತುಗಳಲ್ಲೂ ಮಾತು ಮಂಕಾಗಿದ್ದರೆ ದೋಷ ಬಹುಮಟ್ಟಿಗೆ ಮಂದಿರದ್ದೇ. ಅನುಮಾನವಿದ್ದರೆ ಬೇರೆ ಪರದೆಯಲ್ಲಿ ನೋಡಿ ಬರೆಯಲಿ. ಛಾಯಾಗ್ರಾಹಕರ, ಶಬ್ದ ತಂತ್ರಜ್ಞರ ದುಡಿಮೆಗೆ ಇಷ್ಟಾದರೂ ಮರ್ಯಾದೆ ಸಲ್ಲಬೇಕು.

ವೃತ್ತಿಪರರಲ್ಲೂ ಒಂದು ವಿನಂತಿ. ತುಳು ಚಿತ್ರಗಳು 1971ರಿಂದಲೇ ಬರುತ್ತಿವೆ. ಸಬ್‌ಟೈಟಲ್ ಓದಿ ‘ಹಾಸ್ಯ ಸಪ್ಪೆ’ ಎಂದು ತೀರ್ಪು ಕೊಡುವ ಮುನ್ನ ತುಳು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

– ಚಿತ್ರಾಸಕ್ತ ಓದುಗರು, ಉಡುಪಿ